ಇಪ್ಪತ್ತನಾಲ್ಕರ ತನಕ

ರುವೈಸಿನ ಜೆಟ್ಟಿ ಶುರುವಾಗುವಲ್ಲಿ ನಿಂತಿದೆ ಶಟ್‌ಡೌನ್ ವಾಲ್ವು.
ಇಪ್ಪತ್ತನಾಲ್ಕು ಇಂಚಿನದು, ನನ್ನ ಎದೆಯೆತ್ತರ,
ತಲೆಯ ಮೇಲೆ ಹಸಿರು ಸಿಲಿಂಡರು, ಒಳಗೆ
ಬಿಗಿಹಿಡಿದ ಸ್ಪ್ರಿಂಗು.
ವರ್ಷವೆಲ್ಲ ತೆರೆದೇ ಇರುವುದು ಅದರ ಉದ್ಯೋಗ.
ಯಾವತ್ತೋ ಒಂದು ದಿನ ಮುಚ್ಚಲಿಕ್ಕೆಂದು
ವರ್ಷವೆಲ್ಲ ತೆರೆದಿರುವುದು.

ಜುಲೈ, ರಾತ್ರಿ ಎರಡೂವರೆ.
ಹಿಂಡದೆ ಹಾಕಿಕೊಂಡ ಅಂಗಿಯಂತೆ ಗಾಳಿ.
ಹೆಲ್ಮೆಟ್ಟಿನ ಪಟ್ಟಿಯಿಂದ ಇಳಿದ ಉಪ್ಪು ತುಟಿಗೆ ಸಿಗುತ್ತದೆ.
ಹಡಗು ಆಚೆ ಲಂಗರು ಹಾಕಿದೆ, ಬೆಳಗಿನ ತನಕ ಪೈಪಿನಲ್ಲಿ ಹರಿವಿಲ್ಲ.
ಸ್ಟಾಪ್‌ವಾಚು ನನ್ನಲ್ಲಿ, ವೈರ್‌ಲೆಸ್ಸು ರೋಡೆಲ್ಲನಲ್ಲಿ,
ಗುಂಡಿ ಮಾತ್ರ ಕಂಟ್ರೋಲ್ ರೂಮಿನ ಮೌಜಾಳ ಬೆರಳ ಕೆಳಗೆ.

ಇಂಚಿಗೊಂದು ಸೆಕೆಂಡು ಎನ್ನುವುದು ಹಿರಿಯರ ಲೆಕ್ಕ.
ಯಾವ ಹಿರಿಯ, ಯಾವ ಊರಿನವ, ಕೇಳಿದರೆ ಗೊತ್ತಿಲ್ಲ;
ಗಾದೆಯಂತೆ ನಡೆದು ಬಂದಿದೆ ಪೈಪಿನಿಂದ ಪೈಪಿಗೆ.

"ಬೆಂಕಿ ಬಿದ್ದಾಗ ಇಪ್ಪತ್ತನಾಲ್ಕು ಎಣಿಸುತ್ತ ನಿಲ್ಲುವ ಬಾಗಿಲು
ಅದೆಂಥ ಬಾಗಿಲು?"
ಹೋದ ಬೇಸಿಗೆ ಕೇಳಿದ್ದ ಶಾಹ್‌ಮುರಾದ್, ಗ್ವಾದರಿನ ಫಿಟ್ಟರು.
ಅವನ ತಮ್ಮ ಬೇರೊಂದು ದೇಶದ ಬೇರೊಂದು ಪ್ಲಾಂಟಿನಲ್ಲಿ
ತಡವಾಗಿ ಮುಚ್ಚಿದ ವಾಲ್ವೊಂದರ ಈಚೆ ನಿಂತಿದ್ದವ.
ನಾನು ಉತ್ತರ ಕೊಡಲಿಲ್ಲ. ಇತ್ತೋ ಇಲ್ಲವೋ.
ಅವನು ಯಾರಿಗೂ ಹೇಳದೆ
ಗಾಳಿ ಹೊರಬಿಡುವ ಸಣ್ಣ ಸೂಜಿತಿರುಪನ್ನು
ಒಂದೂವರೆ ಸುತ್ತು ಬಿಚ್ಚಿದ.

ಆರು ಸೆಕೆಂಡು.
ಮೂರು ವಾರದ ಮೇಲೆ ಹಡಗು ತುಂಬುವಾಗ ಯಾವುದೋ ಅಲಾರಾಂ ಕೂಗಿ
ಆರೇ ಸೆಕೆಂಡಿನಲ್ಲಿ ಮುಚ್ಚಿಕೊಂಡಿತು.
ಎರಡು ಕಿಲೋಮೀಟರು ಉದ್ದದ ಎಣ್ಣೆ
ಒಂದೇ ಮೈಯಾಗಿ ಓಡುತ್ತಿದ್ದದ್ದು,
ಬಾಗಿಲಿಲ್ಲವೆಂದು ತಿಳಿದು ಓಡುತ್ತಿದ್ದದ್ದು—
ಗುದ್ದು.
ಪೈಪು ತನ್ನ ಪೀಠ ಬಿಟ್ಟು ಗೇಣುದ್ದ ಎಗರಿ ಪಕ್ಕಕ್ಕೆ ಕೂತಿತು.
ಒಂದು ಗ್ಯಾಸ್ಕೆಟ್ಟು ಸೀಳಿತು, ಕಾಂಕ್ರೀಟಿನ ಮೇಲೆ ಕಪ್ಪು ಹರಿಯಿತು,
ಕಡಲಹಕ್ಕಿಗಳು ಒಟ್ಟಿಗೆ ಎದ್ದವು.
ಯಾರೂ ಸಾಯಲಿಲ್ಲ.
ಶಾಹ್‌ಮುರಾದ್ ಅಲ್ಲೇ ಕುಕ್ಕರುಗಾಲಲ್ಲಿ ಕೂತು
"ಬೇಗ ಆಗಲಿ ಅಂತ ಮಾಡಿದೆ, ಬೇಗ ಆಗಲಿ ಅಂತ" ಎನ್ನುತ್ತಿದ್ದ.
ಮೂರನೇ ದಿನ ಕಂಪನಿ ಬಸ್ಸು ಅವನನ್ನು ಏರ್‌ಪೋರ್ಟಿಗೆ ಒಯ್ಯಿತು.
ಅವನ ಹದಿಮೂರರ ಸ್ಪ್ಯಾನರು ನನ್ನ ಪೆಟ್ಟಿಗೆಯಲ್ಲಿ ಉಳಿದಿದೆ.

ನಿಧಾನವೇ ಪ್ರಧಾನ ಎಂದರೆ ಬೆಂಕಿ ಕೇಳುವುದಿಲ್ಲ.
ಬೇಗ ಎಂದರೆ ಎಣ್ಣೆ ಕೇಳುವುದಿಲ್ಲ.
ಎರಡಕ್ಕೂ ಬೇಡವಾದ ಒಂದು ಹೊತ್ತನ್ನು
ನಾನು ತಿರುಪಿನಲ್ಲಿ ಹುಡುಕಬೇಕು.

"ಒತ್ತಲೇ?" ಮೌಜಾ ಕೇಳುತ್ತಾಳೆ.
ಒತ್ತಮ್ಮ.

ಸುಸ್ಸೆಂದು ಗಾಳಿ. ಕೈಯಲ್ಲಿ ಗಡಿಯಾರ ಓಡುತ್ತಿದ್ದರೂ
ಬಾಯಿ ಬಿಡುವುದಿಲ್ಲ: ಲಾಭ. ಎರಡು. ಮೂರು.
ಸಿಂಧನೂರಿನ ರೈಸ್‌ಮಿಲ್ಲಿನಲ್ಲಿ ಅಪ್ಪ ಹೀಗೇ ಅಳೆಯುತ್ತಿದ್ದ,
ಮೊದಲ ಸೇರಿಗೆ ಒಂದು ಎನ್ನದೆ. ಭತ್ತ ಅವನದಲ್ಲ,
ಲಾಭವೂ ಅವನದಲ್ಲ. "ಮೌಲಾ, ಎಣಿಕಿ ತಪ್ಪಬಾರದಪ" ಎನ್ನುವುದಷ್ಟೇ ಅವನದು.
ಒಂಬತ್ತಾದರೂ ಮುಳ್ಳು ಅಲುಗಿದ್ದು ಕಾಣುವುದಿಲ್ಲ.
ಹನ್ನೆರಡಕ್ಕೆ ಏನೋ ಒಳಗೆ ನರಳಿ ತಿರುಗುತ್ತದೆ.
ಹರಿವಿದ್ದಿದ್ದರೆ, ಹದಿನೆಂಟರ ತನಕ
ಎಣ್ಣೆಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ;
ಬಾಗಿಲು ನಿಜಕ್ಕೂ ಮುಚ್ಚುವುದು ಕೊನೆಯ ಆರರಲ್ಲಿ.
ರೋಡೆಲ್ಲನ ತುಟಿಯೂ ಆಡುತ್ತಿದೆ.
ಇಪ್ಪತ್ತು ದಾಟಿದರೆ ಅವನ ಭಾಷೆಯ ಅಂಕಿಗಳು ಬಲು ಉದ್ದ,
ಪಾಪ, ಹಿಂದೆ ಬೀಳುತ್ತಾನೆ.

ಟಕ್.

"ಎಷ್ಟು?"
ಇಪ್ಪತ್ತೇಳು.
ಅತ್ತ ಕಡೆ ಅವಳು ಬರೆದುಕೊಳ್ಳುವ ಸದ್ದು,
ಆಮೇಲೆ ಬರೆದದ್ದನ್ನು ಹೊಡೆದುಹಾಕುವ ಸದ್ದು.

ಶಾಹ್‌ಮುರಾದನ ಸ್ಪ್ಯಾನರು ತೆಗೆದು ಬಿಗಿನಟ್ಟು ಸಡಿಲಿಸಿ
ತಿರುಪನ್ನು ಕಾಲು ಸುತ್ತು, ಇಲ್ಲ,
ಕಾಲಿಗಿಂತ ಕಡಿಮೆ, ಬಿಚ್ಚುತ್ತೇನೆ.
ಬೆವರಿಗೆ ಹಿಡಿ ಜಾರುತ್ತದೆ.
ವಾಲ್ವು ಮತ್ತೆ ತೆರೆಯುವ ತನಕ ಕಾಯುತ್ತೇವೆ,
ಅದಕ್ಕೆ ಯಾರೂ ಲೆಕ್ಕ ಇಡುವುದಿಲ್ಲ.

ಇನ್ನೊಮ್ಮೆ, ಮೌಜಾ.

ಲಾಭ.